ದವಡೆಗೆ ಲಗಾಮು

ನಾನು ಗೊರಕೆ ಹೊಡೆಯುವುದಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ನಂಬದೆ ಏನು, ಒಂದು ಸಲವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಹೆಂಡತಿ ಹೇಳಿದರೆ ಸಿಟ್ಟು ಬರುತ್ತಿತ್ತು. ಬೇಸಿಗೆಯಲ್ಲಿ ಶಹಾಪುರದ ನಮ್ಮ ಓಣಿಯೆಲ್ಲ ಮಾಳಿಗೆಯ ಮೇಲೆ ಮಲಗುವ ರೂಢಿ. ಅಕ್ಕಪಕ್ಕದ ಮಾಳಿಗೆಯವರು ಬೆಳಿಗ್ಗೆ ನನ್ನನ್ನು ನೋಡಿ ನಗುತ್ತಿದ್ದುದು ಅಕ್ಕರೆಯಿಂದ ಎಂದುಕೊಂಡಿದ್ದೆ.

ಈ ಜಂಬ ಇಳಿದದ್ದು ಕಾಲುವೆಯಲ್ಲಿ. ಹೆಂಡತಿಯ ತವರು ಕೆಂಭಾವಿ. ಒಂದು ಮಧ್ಯಾಹ್ನ ಅಲ್ಲಿ ಹೋಳಿಗೆ ಊಟ ಮುಗಿಸಿ, ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರುವಾಗ ನನಗೆ ಜೊಂಪು ಹತ್ತಿತು. ಎಚ್ಚರವಾದಾಗ ನಾನು, ಅವಳು, ಬೈಕು, ಬುತ್ತಿಯ ಚೀಲ ಎಲ್ಲ ಕಾಲುವೆಯೊಳಗೆ. ಆ ವಾರ ನೀರು ಬಿಟ್ಟಿರಲಿಲ್ಲ, ಬರೀ ಕೆಸರಿತ್ತು, ಬದುಕಿದೆವು. ನೀರು ಬಿಡಲಿಲ್ಲವೆಂದು ಮಂದಿಯೆಲ್ಲ ಇಂಜಿನಿಯರರನ್ನು ಬೈಯುತ್ತಿದ್ದಾಗ, ಅದೇ ಕಾರಣಕ್ಕೆ ಅವರಿಗೆ ಕೈಮುಗಿದವನು ತಾಲ್ಲೂಕಿಗೆಲ್ಲ ನಾನೊಬ್ಬನೇ ಇದ್ದೇನು.

ಅವಳು ಅಳಲಿಲ್ಲ, ಬೈಯಲಿಲ್ಲ. ಸೀರೆಯ ಕೆಸರು ಒರೆಸಿಕೊಂಡು, "ಇನ್ನ ನಿಮ್ಮ ಹಿಂದ ನಾ ಕೂಡಂಗಿಲ್ರಿ" ಎಂದಳು. ಆಡಿದಂತೆ ನಡೆಯುವ ಹೆಂಗಸು. ಆಮೇಲೆ ತವರಿಗೆ ಹೋಗುವಾಗಲೆಲ್ಲ ಮುಂದೆ ಟಂಟಂ ಆಟೋದಲ್ಲಿ ಅವಳು. ಹಿಂದಿನ ಸೀಟು ಖಾಲಿ ಬಿಟ್ಟುಕೊಂಡು, ಆ ಟಂಟಂನ ಹೊಗೆ ಕುಡಿಯುತ್ತ ನಾನು. ಅದು ಮಂದಿ ಹತ್ತಿಸಿಕೊಳ್ಳಲು ನಿಂತಲ್ಲೆಲ್ಲ ನಾನೂ ನಿಲ್ಲಬೇಕು. ಗಂಡ ಹೆಂಡತಿಗೆ ಕೂಡಿಬಂದಿಲ್ಲ ಎಂದು ಸುದ್ದಿಯಾಯಿತು. ಗೋಗಿಯ ಹೈಸ್ಕೂಲಿನ ಮಾಸ್ತರನಾದ ನನ್ನ ಮರ್ಯಾದೆ ಮೂರಾಬಟ್ಟೆ. ಅವಳನ್ನು ಮತ್ತೆ ಹಿಂದೆ ಕೂರಿಸಿಕೊಳ್ಳಲೇಬೇಕೆಂಬ ಹಟಕ್ಕೆ ನಾನು ಡಾಕ್ಟರ ಹತ್ತಿರ ಹೋದೆನೇ ಹೊರತು ಆರೋಗ್ಯದ ಫಿಕರಿನಿಂದಲ್ಲ.

ಕಲಬುರಗಿಯ ಡಾಕ್ಟರು ನನ್ನನ್ನು ಬಿಟ್ಟು ಅವಳನ್ನು ಕೇಳಿದರು. ನಿದ್ದೆಯಲ್ಲಿ ನನ್ನ ಉಸಿರು ನಡುನಡುವೆ ನಿಂತೇ ಹೋಗುತ್ತದೆಂದೂ, ತಾನು ಎದ್ದು ಕೂತು ಮೂಗಿನ ಹತ್ತಿರ ಕೈ ಹಿಡಿದು ಕಾಯುತ್ತೇನೆಂದೂ, ಉಸಿರು ಬಾರದಿದ್ದರೆ ಪಕ್ಕೆಗೆ ತಿವಿಯುತ್ತೇನೆಂದೂ ಅವಳು ತಲೆ ತಗ್ಗಿಸಿ ಹೇಳಿದಳು. ಎಷ್ಟು ವರ್ಷದಿಂದ ಎಂದರೆ ಬೆರಳು ಮಡಿಚಿ ಎಣಿಸತೊಡಗಿದಳು. ನನಗೆ ನಾಚಿಕೆಯಾಯಿತು. ಆದರೂ ಬಾಯಿ ತೆಪ್ಪಗಿರಬೇಕಲ್ಲ, ಪಕ್ಕೆಲುಬು ಯಾಕೆ ನೋಯುತ್ತವೆಂದು ಈಗ ತಿಳಿಯಿತು ಎಂದೆ. ಡಾಕ್ಟರು ನಗಲಿಲ್ಲ.

ಮೈಗೆಲ್ಲ ವೈರು ಹಚ್ಚಿ ಮಲಗಿಸಿ ಪರೀಕ್ಷೆ ಮಾಡಿದರು. ಸ್ಲೀಪ್ ಆಪ್ನಿಯಾ ಅಂತ ಹೆಸರಂತೆ. ರಾತ್ರಿ ಹೀಗೆ ನಿದ್ದೆ ಕೆಡುವುದರಿಂದಲೇ ಹಗಲು ಜೊಂಪು ಹತ್ತುವುದಂತೆ. ಗಾಳಿ ಊದುವ ಯಂತ್ರದ ಮುಖವಾಡವನ್ನು ಕಟ್ಟಿಕೊಂಡೆ, ತಾಳಲಾರದೆ ಕಿತ್ತುಹಾಕಿದೆ. ಕೊನೆಗೆ ಯಾದಗಿರಿಯ ಹಲ್ಲಿನ ಡಾಕ್ಟರರ ಕಡೆ ಕಳಿಸಿದರು. ಮಲಗಿದಾಗ ನನ್ನ ಕೆಳದವಡೆ ಹಿಂದೆ ಜಾರಿ ಗಂಟಲು ಮುಚ್ಚುತ್ತದೆ. ಅದನ್ನು ಮುಂದಕ್ಕೆಳೆದು ಹಿಡಿಯಲು ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಅಚ್ಚು, ಎರಡನ್ನೂ ಕೂಡಿಸುವ ಸಣ್ಣ ತಿರುಪು.

ಹಾಕಿಕೊಂಡು ಕನ್ನಡಿ ನೋಡಿದೆ. ಕೆಳತುಟಿ ಮುಂದೆ ಬಂದು, ಮುನಿಸಿಕೊಂಡ ಕೂಸಿನ ಮುಖ. ಮೊದಮೊದಲು ದಿಂಬೆಲ್ಲ ಜೊಲ್ಲು. ಬೆಳಿಗ್ಗೆ ತೆಗೆದರೆ ಹಲ್ಲಿಗೆ ಹಲ್ಲು ಕೂಡದು. ಖಡಕ್ ರೊಟ್ಟಿಯನ್ನು ಕಟಕಟ ಕಡಿಯುತ್ತಿದ್ದ ಬಾಯಿ ಅದನ್ನು ಸಾರಿನಲ್ಲಿ ನೆನೆಸಿ ನುಂಗತೊಡಗಿತು. ಅಚ್ಚು ಬಾಯಲ್ಲಿದ್ದಾಗ ವಾದಿಸಲು ಬರುವುದಿಲ್ಲವಾಗಿ, ಮನೆಯ ಜಗಳಗಳೆಲ್ಲ ಅವಳ ಮಾತಿನಿಂದಲೇ ಮುಗಿಯುತ್ತಿದ್ದವು. ನಾನು ರೊಟ್ಟಿ ನೆನೆಸಿ ತಿನ್ನುವುದನ್ನು ಕಂಡ ಶಾಲೆಯ ಜವಾನನಂತೂ ಹತ್ತಿರ ಬಂದು, ಎಲ್ಲ ಹಲ್ಲೂ ಒಮ್ಮೆಗೇ ಹೋದವೇ ಎಂದು ಮರುಕದಿಂದ ಕೇಳಿದ. ನನ್ನ ಸ್ವಂತ ಹಲ್ಲು ತೋರಿಸಿ ನಕ್ಕೆ. ಹಲ್ಲುಸೆಟ್ಟು ಚೆನ್ನಾಗಿ ಕೂತಿದೆ ಎಂದು ಮೆಚ್ಚಿ ಹೋದ.

ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದಂತೆ ಗೊರಕೆ ಇಳಿಯಿತು, ಹಗಲಿನ ಜೊಂಪೂ ಹೋಯಿತು. ಮತ್ತೊಮ್ಮೆ ಪರೀಕ್ಷೆ ಮಾಡಿದ ಡಾಕ್ಟರು ಇನ್ನು ಗಾಡಿ ಹೊಡೆಯಬಹುದು ಎಂದರು. ಅವಳು ನಂಬಲಿಲ್ಲ. ಮತ್ತೂ ಟಂಟಂ, ಮತ್ತೂ ಹೊಗೆ. ಆಮೇಲೊಂದು ದಿನ, ಅವಳ ತಮ್ಮನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೊರಟಾಗ, ಏನೂ ಹೇಳದೆ ಸೆರಗು ಬಿಗಿದು ಬೈಕಿನ ಹಿಂದೆ ಬಂದು ಕೂತಳು.

ನನ್ನ ಸಂಭ್ರಮ ಕೇಳಬೇಕೆ. ಕಾಲುವೆ ಬಂದ ಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದದ್ದನ್ನು, ಹುಟ್ಟಿದಾಗಿನಿಂದ ಅದೇ ಹೊಲ ನೋಡಿದ ಅವಳಿಗೆ ವಿವರಿಸುತ್ತ ಹೊರಟೆ. ಸುಮಾರು ದೂರ ಹೋದ ಮೇಲೆ ಹಿಂದಿನಿಂದ ಹೂಂ ಎನ್ನುವುದು ನಿಂತಿತು. ಬೆನ್ನ ಮೇಲೆ ಭಾರ ಬಿತ್ತು. ಕನ್ನಡಿಯಲ್ಲಿ ನೋಡಿದರೆ ಬಾಯಿ ತೆರೆದುಕೊಂಡು ಗಾಢ ನಿದ್ದೆ.

ಮೆಲ್ಲಗೆ ಬೇವಿನ ನೆರಳಿಗೆ ತಂದು ಎಂಜಿನ್ ಆರಿಸಿದೆ. ಇಳಿದರೆ ಅವಳು ಬೀಳುತ್ತಾಳೆ. ಎರಡೂ ಕಾಲು ಊರಿ, ಒಂದು ಕೈ ಹಿಂದೆ ಹಾಕಿ ಅವಳನ್ನು ಹಿಡಿದು ನಿಂತೆ. ದಾರಿಯಲ್ಲಿ ಹೋಗುವವನೊಬ್ಬ ಪೆಟ್ರೋಲ್ ಮುಗಿಯಿತೇ ಎಂದು ಕೂಗಿದ. ಸುಮ್ಮನಿರೆಂದು ಸನ್ನೆ ಮಾಡಿದೆ. ತೊಡೆ ನಡುಗತೊಡಗಿದವು. ಹಗಲು ಹೊತ್ತಿನಲ್ಲಿ, ರಸ್ತೆಯ ಬದಿಯಲ್ಲಿ, ಈ ಮಾಸ್ತರನಿಗೆ ಅಳು ಬಂತು. ಎಷ್ಟು ವರ್ಷದ ನಿದ್ದೆ ಅವಳದು ಬಾಕಿ ಇತ್ತೋ.

ಬಹಳ ಹೊತ್ತಿಗೆ ಅವಳು ಕಣ್ಣು ಬಿಟ್ಟಳು.

"ಊರು ಬಂತೇನ್ರಿ?"

"ಇನ್ನಾ ಇಲ್ಲ."

"ಬಂದಾಗ ಎಬ್ಬಸ್ರಿ" ಎಂದು ಮತ್ತೆ ನನ್ನ ಬೆನ್ನಿಗೆ ಒರಗಿದಳು.