ದವಡೆಯ ಅಲೆಗಳು

ನವ್ಯಾ, ನಿನ್ನ ಅಮ್ಮನ ಕೈ ತಪ್ಪಿರಲಿಲ್ಲ. ತಪ್ಪಿತು ಎಂದು ಹೇಳಿದವಳು ನಾನು. ಅದು ಸುಳ್ಳು ಎಂಬುದು ಹಾಗೆ ಹೇಳುವಾಗಲೇ ನನಗೆ ಗೊತ್ತಿತ್ತು.

ನಿನ್ನನ್ನು ಏಕವಚನದಲ್ಲಿ ಕರೆಯುವ ಸಲಿಗೆ ನನಗಿನ್ನೂ ಉಳಿದಿದೆಯೋ ಇಲ್ಲವೋ — ಸಂಜೆ ಶಾಲೆ ಬಿಟ್ಟ ಮೇಲೆ ಕದ್ರಿಯ ನಮ್ಮ ಪ್ರಯೋಗಾಲಯಕ್ಕೆ ಬಂದು, ಅಮ್ಮನ ಕೆಲಸ ಮುಗಿಯುವವರೆಗೆ ಬೆಂಚಿನ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದ ಹುಡುಗಿಯೇ ಇವತ್ತಿಗೂ ನನ್ನ ಕಣ್ಣ ಮುಂದಿದ್ದಾಳೆ.

ನಾನಾಗ ಪಿಎಚ್‌ಡಿ ಮುಗಿಸಿ ಊರಿಗೆ ಬಂದ ಹೊಸತು. ಮನೆಯಲ್ಲಿ ತುಳು, ಹೊರಗೆ ಕನ್ನಡ ಆಡುವ ನಮ್ಮವರು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವಾಗ ಮೆದುಳಿನ ಯಾವ ಭಾಗ ಯಾವುದರ ಜೊತೆ ಸೇರಿ ಕೆಲಸ ಮಾಡುತ್ತದೆ — ಅದು ನನ್ನ ಸಂಶೋಧನೆ. ನಿನ್ನ ಅಮ್ಮ, ನಮ್ಮ ವಾರಿಜಕ್ಕ, ಅಲ್ಲಿ ಮೆದುಳಿನ ಅಲೆಗಳನ್ನು ದಾಖಲಿಸುವ ಇಇಜಿ ತಂತ್ರಜ್ಞೆ. ವಾಮಂಜೂರಿನಿಂದ ಬೆಳಗ್ಗಿನ ಬಸ್ಸಿನಲ್ಲಿ ಬರುತ್ತಿದ್ದರು. ಪ್ರಯೋಗಕ್ಕೆ ಬಂದವರ ತಲೆ ಅಳೆದು, ಕೂದಲು ಬಿಡಿಸಿ, ಒಂದೊಂದೇ ಎಲೆಕ್ಟ್ರೋಡನ್ನು ಅಂಟಿಸುವಾಗ ಅವರ ಜೊತೆ ತುಳುವಿನಲ್ಲಿ ಗದ್ದೆ, ಮದುವೆ, ಮೀನಿನ ರೇಟು ಎಲ್ಲ ಮಾತಾಡುತ್ತಿದ್ದರು. ಹೆದರಿಕೊಂಡು ಬಂದವರೂ ಹತ್ತು ನಿಮಿಷದಲ್ಲಿ ನಗುತ್ತಿದ್ದರು. ಎಲ್ಲ ಮುಗಿದ ಮೇಲೆ ಬಿಸಿನೀರಿನಲ್ಲಿ ಅವರ ತಲೆಯ ಅಂಟು ತೊಳೆದು ಕಳಿಸುತ್ತಿದ್ದರು. ಮಧ್ಯಾಹ್ನ ಇಬ್ಬರೂ ಅವರ ಡಬ್ಬಿಯಿಂದಲೇ ನೀರುದೋಸೆ ತಿನ್ನುತ್ತಿದ್ದೆವು. ಆ ಎರಡು ವರ್ಷಗಳಷ್ಟು ಸಂತೋಷದಿಂದ ನಾನು ಮತ್ತೆಲ್ಲೂ ಕೆಲಸ ಮಾಡಿಲ್ಲ.

ಭಾಷೆ ಬದಲಾಗುವ ಕ್ಷಣದಲ್ಲಿ ತಲೆಯ ಎರಡೂ ಬದಿಯ ಅಲೆಗಳು ಒಟ್ಟಿಗೆ ಏಳುವುದು ಕಂಡಾಗ ನಾನು ಕುಣಿದಾಡಿದ್ದೆ. ವಾರಿಜಕ್ಕ ಮಾತ್ರ ಪರದೆಯನ್ನೇ ನೋಡುತ್ತಿದ್ದರು.

"ಮೇಡಂ, ಇದು ಮೆದುಳಿನದ್ದಲ್ಲ, ದವಡೆದು. ನೀವೇ ಕೂತ್ಕೊಳ್ಳಿ, ತೋರಿಸ್ತೇನೆ."

ಕೂತೆ. ಮಾತಾಡದೆ ಬರೀ ಹಲ್ಲು ಕಚ್ಚಿದೆ. ಅದೇ ಅಲೆ, ಎರಡೂ ಬದಿಯಲ್ಲಿ. ಭಾಷೆ ಬದಲಿಸುವ ಮೊದಲು ಜನ ದವಡೆ ಬಿಗಿಹಿಡಿಯುತ್ತಿದ್ದರು — ಅಷ್ಟೇ.

"ಯಾರಿಗೂ ಹೇಳ್ಬೇಡಿ ವಾರಿಜಕ್ಕ, ನಾನು ಸರಿ ಮಾಡ್ತೇನೆ" ಎಂದೆ. ಅವರು ನಂಬಿದರು. ನಾನು ಸರಿ ಮಾಡಲಿಲ್ಲ. ಪ್ರಬಂಧ ಪ್ರಕಟವಾಯಿತು.

ಮರುವರ್ಷ ಬೇರೆಡೆಯ ಸಂಶೋಧಕರು ನಮ್ಮ ಮೂಲ ದಾಖಲೆಗಳನ್ನು ಕೇಳಿದರು. ಅವುಗಳಲ್ಲಿ ಇಷ್ಟು ಗದ್ದಲ, ಅಂದರೆ ಮೆದುಳಿನದ್ದಲ್ಲದ ಸಂಕೇತ, ಯಾಕೆ ಎಂದು ನಮ್ಮ ಮುಖ್ಯಸ್ಥರು ನನ್ನನ್ನು ಕರೆದು ಕೇಳಿದರು. ವಾರಿಜಕ್ಕ ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದರು.

"ಎಲೆಕ್ಟ್ರೋಡ್ ಸರಿ ಕೂತಿರ್ಲಿಲ್ಲ ಸರ್. ಹಾಕಿದ್ದು ವಾರಿಜಕ್ಕ."

ವಾರಿಜಕ್ಕ ನನ್ನನ್ನು ನೋಡಿದರು. ಫೈಲನ್ನು ಮೇಜಿನ ಮೇಲಿಟ್ಟು ಹೋದರು. ಆ ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯಿತು, ನವೀಕರಣ ಆಗಲಿಲ್ಲ. 'ಗದ್ದಲ' ತೀರಾ ಎದ್ದು ಕಾಣುವ ದಾಖಲೆಗಳನ್ನಷ್ಟೇ ಬದಿಗಿಟ್ಟು ನನ್ನ ಪ್ರಬಂಧವನ್ನು ಉಳಿಸಿಕೊಂಡೆ. ಅದರ ಬಲದಿಂದಲೇ ನನಗೆ ಕಾಯಂ ಹುದ್ದೆ ಸಿಕ್ಕಿತು.

ಅದಾಗಿ ಹನ್ನೊಂದು ವರ್ಷ. ಕಳೆದ ತಿಂಗಳು ಪಾಠಕ್ಕೆಂದು ಆ ಹಳೆಯ ದಾಖಲೆಯನ್ನೇ ತೆರೆದಿದ್ದೆ. ವಿದ್ಯಾರ್ಥಿನಿಯೊಬ್ಬಳು ಎದ್ದು, "ಮೇಡಂ, ಇದು ಸ್ನಾಯುವಿನ ಅಲೆ ಅಲ್ವಾ? ಆಗ ನಿಮಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದಳು. ತರಗತಿ ಮುಗಿಸಿ ನೇರ ವಾಮಂಜೂರಿಗೆ ಹೋದೆ.

ನಿನ್ನ ಅಮ್ಮ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದರು. ಚಾ ಕೊಟ್ಟರು. ನಾನು ಹೇಳಬೇಕಾದ್ದನ್ನೆಲ್ಲ ತಡವರಿಸುತ್ತಾ ಹೇಳಿ ಮುಗಿಸಿದೆ.

"ನನಗೆ ಹೇಳಿ ಎಂತ ಪ್ರಯೋಜನ ಉಂಟು ಮೇಡಂ? ನನಗೆ ಗೊತ್ತಿದ್ದದ್ದೇ ಅಲ್ವಾ" ಎಂದರು. "ಮಗಳು ಮಾತ್ರ ಅಮ್ಮನ ಕೈ ತಪ್ಪಿ ಕೆಲಸ ಹೋದದ್ದು ಅಂತ ತಿಳ್ಕೊಂಡಿದ್ದಾಳೆ. ನಾನು ಹೇಳಿದ್ರೆ ಮರ್ಯಾದೆ ಉಳಿಸ್ಲಿಕ್ಕೆ ಹೇಳುದು ಅಂತ ಅವಳಿಗೆ. ಈಗ ಪಡೀಲಲ್ಲಿ ಬೇರೆ ಮನೆ ಮಾಡಿ ಇದ್ದಾಳೆ. ಅವಳಿಗೆ ನೀವೇ ಹೇಳಿ."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಪ್ರಬಂಧವನ್ನು ಹಿಂತೆಗೆದುಕೊಳ್ಳುವಂತೆ ಅದನ್ನು ಪ್ರಕಟಿಸಿದ ಸಂಶೋಧನಾ ಪತ್ರಿಕೆಗೆ ಬರೆದಿದ್ದೇನೆ. ದೋಷವನ್ನು ಮೊದಲು ಗುರುತಿಸಿದವರು ವಾರಿಜಕ್ಕ, ಮುಚ್ಚಿಟ್ಟವಳು ನಾನು ಎಂದೇ ಬರೆದಿದ್ದೇನೆ. ನನ್ನ ಹುದ್ದೆಗೆ ಏನಾಗುತ್ತದೋ ಆಗಲಿ. ಅದರಿಂದ ನಿನ್ನ ಅಮ್ಮನ ಹನ್ನೊಂದು ವರ್ಷಗಳು ವಾಪಸು ಬರುವುದಿಲ್ಲ ಎಂಬುದೂ ಗೊತ್ತು.

ಇದನ್ನು ಓದಿ ನೀನು ನನ್ನ ಬಗ್ಗೆ ಏನು ಬೇಕಾದರೂ ಅಂದುಕೋ. ಆದರೆ ಇವತ್ತೇ ಒಮ್ಮೆ ಅಮ್ಮನ ಹತ್ತಿರ ಹೋಗು.