ಒಂದು ಪುಸ್ತಕ, ಎರಡು ಕಿವಿ

ಬಣ್ಣದ ಮೇಸ್ತ್ರಿಗೂ ಓದಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಸ್ಕೂಲಿನಲ್ಲಿದ್ದಾಗ ಪುಸ್ತಕ ತೆರೆದರೆ ಸಾಕು, ಅಕ್ಷರಕ್ಕಿಂತ ಮೊದಲು ನಿದ್ದೆ ಬರುತ್ತಿತ್ತು. ಅಂಥವನು ಈಗ ಒಂದರ ಮೇಲೊಂದು ಕಾದಂಬರಿ ಮುಗಿಸುತ್ತಿದ್ದ, ಅದೂ ಗೋಡೆಗೆ ಬಣ್ಣ ಬಳಿಯುತ್ತ. ಮದುವೆಯಾಗಿ ಹೋದ ಮಗಳು ಒಮ್ಮೆ ಬಂದಾಗ ಅಪ್ಪನನ್ನು ಸಾರ್ವಜನಿಕ ಗ್ರಂಥಾಲಯದ ಸದಸ್ಯನನ್ನಾಗಿ ಮಾಡಿ, ಅದರ ಆ್ಯಪ್ ಫೋನಿಗೆ ಹಾಕಿಕೊಟ್ಟಿದ್ದಳು. ಯಾರೋ ಚೆನ್ನಾಗಿ ಓದಿ ಹೇಳುವ ಪುಸ್ತಕ ಪುಕ್ಕಟೆ ಎರವಲು ಸಿಗುತ್ತಿತ್ತು. ಗಡುವು ಮುಗಿದ ದಿನ ಅದು ತಾನಾಗಿ ಫೋನು ಬಿಟ್ಟು ಹೊರಡುತ್ತಿತ್ತು. ಹಿಂದಿರುಗಿಸಲು ಮರೆತು ಬೈಸಿಕೊಳ್ಳುವ ತಾಪತ್ರಯವೇ ಇಲ್ಲ.

ಕೆಲಸದಲ್ಲಿ ಹೆಂಡತಿಯೂ ಜೊತೆಗಿದ್ದಳು. ಅವನು ರೋಲರ್ ಎಳೆದರೆ ಅವಳು ಸಣ್ಣ ಬ್ರಷ್ ಹಿಡಿದು ಕಿಟಕಿ, ಬಾಗಿಲಿನ ಸುತ್ತ ಅಂಚು ಬಿಡಿಸುವಳು. ಫೋನು ಅವನ ಜೇಬಿನಲ್ಲಿ. ವೈರಿನ ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಒಬ್ಬರು ಏಣಿ ಹತ್ತಿದರೆ ಇನ್ನೊಬ್ಬರು ಸ್ಟೂಲಾದರೂ ಹತ್ತಬೇಕು. ಒಬ್ಬರಿಗೆ ಬಾಯಾರಿದರೆ ಇಬ್ಬರೂ ನೀರಿನ ಹತ್ತಿರ ಹೋಗಬೇಕು. ನೋಡಿದವರು ನಗುತ್ತಿದ್ದರು. ನಗಲಿ ಬಿಡಿ, ಗೋಡೆಯಂತೂ ಚೆನ್ನಾಗಿ ಆಗುತ್ತಿತ್ತು.

ಹೀಗಿರುವಾಗ ಮನೆಯೊಡತಿಯೊಬ್ಬಳು ಅಂಚುಗಳು ಎಷ್ಟು ನೀಟಾಗಿ ಬಂದಿವೆ ಎಂದು ಹೊಗಳಿದಳು. ಮೇಸ್ತ್ರಿ ಉಬ್ಬಿಹೋದ. "ಎಲ್ಲಾ ನಂದೇ ಕೆಲಸ. ಇವಳು ಸುಮ್ನೆ ಕೈ ಜೋಡಿಸ್ತಾಳೆ ಅಷ್ಟೆ" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಡತಿ ಅಂದೇ ಮಾತು ಬಿಟ್ಟಳು. ಊಟಕ್ಕೆ ಕರೆಯಬೇಕಾದರೆ ತಟ್ಟೆ ಕುಕ್ಕುವಳು. ಏಣಿ ಸರಿಸಬೇಕಾದರೆ ಅದರ ಕಾಲಿಗೆ ಒಂದು ಒದೆ ಕೊಡುವಳು. ಇಯರ್‌ಫೋನನ್ನು ಮಾತ್ರ ಎಂದಿನಂತೆ ತಾನಾಗಿ ಕಿವಿಗಿಟ್ಟುಕೊಳ್ಳುವಳು.

ತಪ್ಪಾಯಿತು ಎನ್ನಲು ಮೇಸ್ತ್ರಿಗೆ ನಾಲಿಗೆ ಹೊರಳಲಿಲ್ಲ. ಆ ಒಂದು ಮಾತು ಬಿಟ್ಟು ಉಳಿದ ಉಪಾಯವೆಲ್ಲ ಅವನಿಗೆ ಹೊಳೆಯುತ್ತಿತ್ತು. ಇವಳನ್ನು ಒಮ್ಮೆ ನಗಿಸಿಬಿಟ್ಟರೆ ಮಾತು ಅದರ ಹಿಂದೆಯೇ ಬರುತ್ತದೆ ಎಂದು ಲೆಕ್ಕ ಹಾಕಿದ. ಹೊಟ್ಟೆ ಹುಣ್ಣಾಗುವಂತೆ ನಗಿಸುವ ಪುಸ್ತಕ ಯಾವುದೆಂದು ಮಗಳನ್ನು ಕೇಳಿ, ಸರದಿಯಲ್ಲಿ ಕಾದು, ಎರವಲು ಪಡೆದ.

ಪುಸ್ತಕವೇನೋ ಭರ್ಜರಿಯಾಗಿತ್ತು. ಒಬ್ಬ ಜಂಬದ ಮಾವ, ಅವನನ್ನು ಕಂಡರಾಗದ ಒಂದು ಕತ್ತೆ. ಮೇಸ್ತ್ರಿ ನಕ್ಕೂ ನಕ್ಕೂ ರೋಲರ್ ಹಿಡಿಯಲಾರದೆ ಹೋದ. ಓರೆಗಣ್ಣಿನಿಂದ ನೋಡಿದರೆ ಹೆಂಡತಿ ಮುಖ ಗಂಟು ಹಾಕಿಕೊಂಡು ಅಂಚು ಬಿಡಿಸುತ್ತಿದ್ದಾಳೆ. ಜಪ್ಪಯ್ಯ ಎಂದರೂ ತುಟಿ ಅಲ್ಲಾಡದು. ಕತ್ತೆ ಮಾವನನ್ನು ಕೊಚ್ಚೆಗೆ ಕೆಡವಿದಾಗಲೂ ನಗದವಳು ಇನ್ನು ತನ್ನೊಡನೆ ಮಾತಾಡುವುದುಂಟೇ ಎಂದು ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಹೆದರಿಕೆ ಹೊಸದು.

ಗಡುವಿನ ಕೊನೆಯ ದಿನ ಬಂತು. ಉಳಿದದ್ದು ಒಂದೇ ಅಧ್ಯಾಯ. ಕತ್ತೆ ಮಾವನ ಕುರ್ಚಿಯ ಮೇಲೆಯೇ ಕೂತಿತು, ಆಗಲೂ ಅವಳು ನಗಲಿಲ್ಲ. ಅವಳ ಕಡೆ ಸದ್ದು ಕಡಿಮೆಯೇನೋ, ಅದಲು ಬದಲು ಮಾಡಿದರೆ ನೋಡೋಣ ಎಂದು ಮೇಸ್ತ್ರಿ ಅವಳ ಕಿವಿಯದನ್ನು ಕಿತ್ತು ತನ್ನ ಕಿವಿಗಿಟ್ಟುಕೊಂಡ. ಅದರಲ್ಲಿ ಪಿಟ್ಟೆಂಬ ಸದ್ದಿಲ್ಲ. ಕೈಯಲ್ಲಿ ಹಿಡಿದ ಅವನದು ಮಾತ್ರ ಸಣ್ಣಗೆ ಕಥೆ ಹೇಳುತ್ತಲೇ ಇತ್ತು.

"ಇದರಲ್ಲಿ ಏನೂ ಕೇಳಿಸ್ತಿಲ್ಲವಲ್ಲೇ. ಯಾವಾಗಿಂದ ಹೀಗಿದೆ?"

ಅವಳು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದಳು. ಬಹಳ ದಿನದ ಮೇಲೆ ಬಾಯಿ ಬಿಟ್ಟಳು. "ಈ ಪುಸ್ತಕ ಶುರುವಾಗೋಕೆ ಮುಂಚೇನೇ ಕೆಟ್ಟಿತ್ತು."

"ಹೇಳಬಾರದಿತ್ತಾ?"

"ಮಾತು ಬಿಟ್ಟಿದ್ನಲ್ಲ. ಹೇಗೆ ಹೇಳ್ಲಿ?"

ಇಷ್ಟು ದಿನ ಹೊರಳದ ಮೇಸ್ತ್ರಿಯ ನಾಲಿಗೆ ಆಗ ಹೊರಳಿತು. "ತಪ್ಪಾಯ್ತು ಕಣೇ. ಆವತ್ತು ನಾನು ಹಾಗೆ ಅನ್ನಬಾರದಿತ್ತು. ಆ ಅಂಚೆಲ್ಲ ನಿಂದೇ ಕೆಲಸ." ಸದ್ದಿಲ್ಲದ ತುದಿಯನ್ನು ಎತ್ತಿ ತೋರಿಸಿ ಕೇಳಿದ, "ಅದ್ಸರಿ, ಕೇಳಿಸದೇ ಇರೋದನ್ನ ದಿನವೆಲ್ಲಾ ಕಿವೀಲಿ ಯಾಕೆ ಇಟ್ಕೊಂಡಿದ್ದೆ?"

"ತೆಗೆದಿಟ್ರೆ ನಾನು ಬೇರೆ ಗೋಡೆಗೆ ಹೋಗಬೇಕಾಗ್ತಿತ್ತು. ಸಿಟ್ಟಿತ್ತು ರೀ," ಎಂದಳು ಅವಳು, "ಆದ್ರೆ ಅಷ್ಟು ದೂರ ಹೋಗೋವಷ್ಟು ಇರಲಿಲ್ಲ."