ಗಾಲಿಮನೆಯಲ್ಲಿ ಮೊದಲು ಮಲಗುವವರು

ಬೆಳಕು ಇನ್ನೂ ನೀರುಹಾಲಿನ ಹಾಗಿದೆ. ನಮ್ಮ ಮೊಂಟಾನಾದ ಬಯಲಲ್ಲಿ ಗಾಲಿಮನೆಗಳು ಹಿಮ ಹೊದ್ದು, ಮಲಗಿದ ದನಗಳಂತೆ ಸಾಲಾಗಿ ನಿಂತಿವೆ. ಒಂದರ ಬಾಗಿಲು ಕಿರ್ರೆನ್ನುತ್ತದೆ. ಉಣ್ಣೆ ಟೋಪಿ, ಗಂಡನ ಕೋಟು ತೊಟ್ಟ ವರ್ನಾ ಸ್ಕೋಗ್ಲಂಡ್ ಮೆಟ್ಟಿಲಿಳಿದು, ಮಂಡಿಯೂರಿ, ಗಾಡಿಯ ಅಡಿಹೊಟ್ಟೆಗೆ ಅಂಗೈ ಇಡುತ್ತಾರೆ.

"ಬೆಚ್ಚಗಿದೀಯಲ್ಲೇ," ಎನ್ನುತ್ತಾರೆ. ನನಗಲ್ಲ, ಗಾಡಿಗೆ.

ಟ್ರಕ್ಕಿಗೆ ಕಟ್ಟಿ ಎಳೆಯುವ ಹಳೆಯ ಮನೆಗಳನ್ನು ಮಾರುವ ಅಂಗಳವಿದು. ಇಲ್ಲಿ ವರ್ನಾ ಅವರ ಕೆಲಸ ತೊಳೆಯುವುದು, ಸೋರಿಕೆ ಮುಚ್ಚುವುದು. ಆದರೆ ಚಳಿಗಾಲವಿಡೀ ಒಳಗೇ ಬದುಕುತ್ತೇವೆ ಎನ್ನುವವರು ಬಂದರೆ, ಆ ಗಾಡಿಯಲ್ಲಿ ಮೊದಲು ಅವರೇ ಒಂದು ರಾತ್ರಿ ಮಲಗುತ್ತಾರೆ. ಯಾರೂ ಹೇಳಿದ ಕೆಲಸವಲ್ಲ.

"ಒಂದೊಂದು ಗಾಡೀಲಿ ಒಂದೊಂದು ಕನಸು. ಒಳ್ಳೇದ್ರಲ್ಲಿ ಬೇಸಿಗೆ ಕನಸು ಬೀಳುತ್ತೆ, ಚೆರ್ರಿ ಹಣ್ಣು ಕೀಳ್ತಿರ್ತೀನಿ. ಕೆಟ್ಟದ್ರಲ್ಲಿ ಬೆಳಗಾಗೋವರೆಗೂ ಕೊರೆಯೋ ನದಿ ದಾಟೋದೇ ಆಗುತ್ತೆ."

ಮದುವೆಯಾದ ಹೊಸತರಲ್ಲಿ ವರ್ನಾ ಮತ್ತು ಗಂಡ ಹಾರ್ಲನ್ ದೊಡ್ಡ ಕಿಟಕಿಗಳಿಗೆ ಮರುಳಾಗಿ ಒಂದು ಗಾಲಿಮನೆ ಕೊಂಡರು. "ಗುಡ್ಡ ಕಾಣುತ್ತೆ ಅಂತ ತಗೊಂಡ್ವಿ. ಜನವರೀಲಿ ಗುಡ್ಡ ಎಲ್ಲಿ? ಗಾಜಿನ ಒಳಗಡೇನೇ ಮಂಜುಗಡ್ಡೆ." ನೆಲದಡಿಯ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದವು. ಗೋಡೆ ಬೆವೆತು ಹಾಸಿಗೆಗೆ ಬೂಷ್ಟು ಹಿಡಿಯಿತು. ಹಿಮಗಾಳಿಯಲ್ಲಿ ಗ್ಯಾಸ್ ಮುಗಿದಾಗ ಸಿಲಿಂಡರ್ ತರಲು ಹೋದ ಹಾರ್ಲನ್, ಕೈ ಚಳಿಗೆ ಮರಗಟ್ಟಿ ಎರಡು ಬೆರಳು ಕಳೆದುಕೊಂಡರು.

"ಈಗಲೂ ಅಕಾರ್ಡಿಯನ್ ವಾದ್ಯ ಬಾರಿಸ್ತಾನೆ. ರಾಗ ತಪ್ಪಿದ್ರೆ ಎಲ್ಲಾ ಚಳಿ ಮೇಲೆ ಹಾಕ್ತಾನೆ, ಕಳ್ಳ. ಮೊದಲೂ ತಪ್ಪುತ್ತಿತ್ತು."

ಕಳೆದ ನವೆಂಬರಿನಲ್ಲಿ ರೈಲುಹಳಿ ದುರಸ್ತಿ ಮಾಡುವ ಟೋಬಿನ್, ತುಂಬು ಬಸುರಿ ಹೆಂಡತಿ ಮ್ಯಾರೆನ್ ಜೊತೆ ಬಂದ. ಕೆಲಸ ಹೋದಲ್ಲಿಗೆ ಮನೆಯೂ ಹೋಗಬೇಕು. ಗೋಡೆಯನ್ನು ಹೊರಕ್ಕೆ ಜರುಗಿಸಿ ಕೋಣೆ ಹಿಗ್ಗಿಸುವ ಒಂದು ಹೊಳೆಯುವ ಗಾಡಿಗೆ ಮ್ಯಾರೆನ್ ಮನಸೋತಳು. ಮೂಲೆ ನೋಡಿ, "ಇಲ್ಲಿ ತೊಟ್ಟಿಲು," ಎಂದಳು.

"ಇದು ಬೇಡ ಮಗಳೇ. ಜರುಗೋ ಗೋಡೆ ಸಂದೀಲಿ ಚಳಿ ನುಗ್ಗುತ್ತೆ," ಎಂದರು ವರ್ನಾ.

"ವರ್ನಾ, ನೀನು ಬಕೆಟ್ ಹಿಡ್ಕೊಂಡು ಆಚೆ ಹೋಗ್ತೀಯಾ?" ಅಂಗಳದ ಯಜಮಾನ ಎಲ್ಡನ್ ರೇಗಿದ. "ಬಂದ ಗಿರಾಕೀನೆಲ್ಲ ಓಡಿಸಿದ್ರೆ ನಾನೇನು ಹಿಮ ಮಾರ್ಲಾ?"

ಕೆಲಸ ಹೋದೀತೆಂಬ ಅಳುಕು ವರ್ನಾಗೂ ಇತ್ತು. ಆದರೂ ಮ್ಯಾರೆನ್ ಕೈ ಹಿಡಿದು, "ನನ್ನ ಮಾತು ನಂಬಬೇಡ. ಇವತ್ತು ಇಲ್ಲೇ ಮಲಗು. ನಾನೂ ಜೊತೆಗಿರ್ತೀನಿ," ಎಂದರು. ರಾತ್ರಿ ತಮ್ಮ ಕನಸುಗಳ ಕತೆಯನ್ನೂ ಹೇಳಿದರು.

ಬೆಳಿಗ್ಗೆ ಮ್ಯಾರೆನ್ ಏಳಹೋದರೆ ಕೂದಲು ಬರಲೊಲ್ಲದು. ಗೋಡೆಗೆ ತಾಗಿದ್ದ ಜಡೆ ಅಲ್ಲೇ ಹೆಪ್ಪುಗಟ್ಟಿ ಅಂಟಿತ್ತು. ವರ್ನಾ ಬಾಯಿಯ ಬಿಸಿಯುಸಿರು ಊದಿ ಊದಿ ಎಳೆಯೆಳೆಯಾಗಿ ಬಿಡಿಸಿದರು. ಮ್ಯಾರೆನ್ ಅಳಲಿಲ್ಲ. ತೊಟ್ಟಿಲಿಗೆಂದು ಗೊತ್ತು ಮಾಡಿದ್ದ ಮೂಲೆಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಕೇಳಿದಳು: "ನಿಮಗೆ ಚೆರ್ರಿ ಕನಸು ಬೀಳೋದು ಯಾವುದ್ರಲ್ಲಿ?"

ವರ್ನಾ ತೋರಿಸಿದ್ದು ಗಿಡ್ಡನೆಯ, ಬಣ್ಣಗೆಟ್ಟ ಗಾಡಿ. ಕಿಟಕಿ ಸಣ್ಣವು, ಗಾಜು ಜೋಡಿಪದರದ್ದು. ನೀರಿನ ತೊಟ್ಟಿಗಳನ್ನು ಮುಚ್ಚಿದ ಅಡಿಹೊಟ್ಟೆಯೊಳಗೂ ಬಿಸಿಗಾಳಿ ಹಾಯುತ್ತದೆ. ಟೋಬಿನ್ ಅದನ್ನೇ ಎಳೆದುಕೊಂಡು ಹೋದ. ಎಲ್ಡನ್ ವಾರವಿಡೀ ಮುಖ ಊದಿಸಿಕೊಂಡಿದ್ದ. ಆಮೇಲೆ ಹೊಳೆಯುವ ಗಾಡಿಯ ಮೇಲೆ ತಾನೇ ಬರೆದ: 'ಬೇಸಿಗೆಗೆ ಮಾತ್ರ.'

ಮಗು ಹುಟ್ಟಿದ್ದು ಊರೆಲ್ಲ ಹಿಮದಲ್ಲಿ ಹೂತುಹೋದ ವಾರದಲ್ಲಿ. ಹೆಣ್ಣು. ಗಾಲಿಮನೆಯೊಳಗೆ ಬರಿಗಾಲಲ್ಲೇ ಓಡಾಡುತ್ತಿದ್ದೇವೆಂದು ಮ್ಯಾರೆನ್ ಫೋನಿನಲ್ಲಿ ಹೇಳಿದಳಂತೆ.

ಇನ್ನೇನು ಆಸೆ ಎಂದು ಕೇಳುತ್ತೇನೆ. ವರ್ನಾ ಟೋಪಿಯ ಹಿಮ ಕೊಡವಿ ನಗುತ್ತಾರೆ.

"ಒಂದು ದಿನ ಸುಮ್ನೆ ಮಲಗಿ ಏಳಬೇಕು ಕಣಪ್ಪ. 'ಹೇಗಿತ್ತು?' ಅಂತ ಯಾರೂ ಕೇಳಬಾರದು."